ಕಿಲ್‌ಪೆಕ್ ಸುತ್ತಮುತ್ತಲಿನ ಹಳ್ಳಿ ಚರ್ಚುಗಳು: ನಾನು ನೋಡಿದ ಬಗೆ

ಇಂಗ್ಲೆಂಡಿನ ಹಳ್ಳಿ ಚರ್ಚುಗಳನ್ನು ನೋಡಲು ಹೊರಟಾಗಲೆಲ್ಲ ನಾನು ಮೊದಲು ಬಿಡಿಸುವುದು ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ 1:25,000 ನಕ್ಷೆ. ಕಪ್ಪು ಚೌಕದ ಮೇಲೆ ಶಿಲುಬೆ ಇದ್ದರೆ ಅದು ಗೋಪುರವಿರುವ ಚರ್ಚು. ಹಳೆಯ ಕೋಟೆ, ದಿಬ್ಬಗಳ ಹೆಸರು ಗಾಥಿಕ್ ಲಿಪಿಯಲ್ಲಿರುತ್ತದೆ. ಹೆರೆಫರ್ಡ್‌ಷೈರ್‌ನ ನೈಋತ್ಯಕ್ಕೆ ಇಂಥ ಗುರುತುಗಳು ಒತ್ತೊತ್ತಾಗಿವೆ. ಬಸ್ಸು ಅಪರೂಪ, ಕಾರು ಇದ್ದರೇ ಒಳ್ಳೆಯದು.

ಒಂದೇ ಚರ್ಚಿಗೆ ಸಮಯವಿದ್ದರೆ ಕಿಲ್‌ಪೆಕ್‌ಗೆ ಹೋಗಿ. ಸುಮಾರು 1140ರ ಈ ಕೆಂಪು ಮರಳುಗಲ್ಲಿನ ಕಟ್ಟಡಕ್ಕೆ ನಾನು ಬೆಳಗಿನ ಓರೆ ಬಿಸಿಲಲ್ಲೇ ಹೋಗುತ್ತೇನೆ, ಬೈನಾಕ್ಯುಲರ್ ಜೊತೆಗಿರುತ್ತದೆ. ಬಾಗಿಲು ತಳ್ಳುವ ಮೊದಲು ಹೊರಗೆ ಒಂದು ಸುತ್ತು ಹಾಕಬೇಕು. ಸೂರಿನ ಕೆಳಗೆ ಸಾಲಾಗಿ 85 ಚಾಚುಗಲ್ಲುಗಳು (ಗೋಡೆಯಿಂದ ಹೊರಚಾಚಿದ ಕೆತ್ತನೆಯ ಕಲ್ಲುಗಳು) ಉಳಿದಿವೆ, ಒಂದರಂತೆ ಇನ್ನೊಂದಿಲ್ಲ. ನಾಯಿ ಮತ್ತು ಮೊಲ ಗೆಳೆಯರಂತೆ ಕೆನ್ನೆಗೆ ಕೆನ್ನೆ ತಾಗಿಸಿ ಕೂತಿವೆ. ಇನ್ನೊಂದು ಕಡೆ, ಎರಡೂ ಕೈಗಳಿಂದ ತನ್ನ ಯೋನಿಯನ್ನು ಅಗಲಿಸಿ ತೋರಿಸುವ ಹೆಣ್ಣಿನ ಕೆತ್ತನೆ; ಇಂಥದಕ್ಕೆ ಶೀಲಾ ನಾ ಗಿಗ್ ಎನ್ನುತ್ತಾರೆ. ಕೇಡು ಓಡಿಸಲು ಎಂದು ಕೆಲವರು, ಕಾಮದ ವಿರುದ್ಧ ಎಚ್ಚರಿಕೆ ಎಂದು ಕೆಲವರು ಹೇಳುತ್ತಾರೆ. ನನಗೆ ಮೊದಲನೆಯದೇ ಸರಿ ಎನಿಸುತ್ತದೆ. ದಕ್ಷಿಣದ ಬಾಗಿಲಿಗಂತೂ ಹೊತ್ತು ಕೊಡಿ: ಕಂಬದ ಮೈಮೇಲೆ ಹಾವುಗಳು, ಬಳ್ಳಿಯ ನಡುವೆ ಸಿಕ್ಕಿಕೊಂಡ ಯೋಧರು, ಮೇಲೆ ಜೀವವೃಕ್ಷ. ಒಳಗಿನ ಕಮಾನಿನ ಎರಡೂ ಬದಿಗೆ ಸಂತರು ಒಬ್ಬರ ತಲೆಯ ಮೇಲೊಬ್ಬರು ನಿಂತಿದ್ದಾರೆ. ಕೋಟೆಯ ದಿಬ್ಬ ಚರ್ಚಿನ ಹಿಂದೆಯೇ ಇದೆ.

ಅಲ್ಲಿಂದ ಅಬೆ ಡೋರ್. 1147ರಲ್ಲಿ ಸ್ಥಾಪನೆಯಾದ ಸಿಸ್ಟರ್ಸಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳ ಮಠದ ಪೂರ್ವಭಾಗ ಮಾತ್ರ ಉಳಿದು ಊರಿನ ಚರ್ಚಾಗಿದೆ. 1630ರ ದಶಕದಲ್ಲಿ ಅದನ್ನು ಉಳಿಸಿದವರು ವೈಕೌಂಟ್ ಸ್ಕುಡಮೋರ್. ಬಡಗಿ ಜಾನ್ ಏಬಲ್ ಕೆತ್ತಿದ ಓಕ್ ಮರದ ತಡಿಕೆ ಆಗಿನದೇ.

ಪಕ್ಕದ ಬ್ಯಾಕ್ಟನ್ ಚರ್ಚು ಸಣ್ಣದು, ಜನ ಬಿಟ್ಟು ಹೋಗುವಂಥದ್ದು. ಬಿಡಬೇಡಿ. ಮೊದಲನೇ ಎಲಿಜಬೆತ್ ರಾಣಿಯನ್ನು ತೊಟ್ಟಿಲಿನಿಂದಲೂ ನೋಡಿಕೊಂಡ ಬ್ಲಾಂಚ್ ಪ್ಯಾರಿ ಈ ಊರಿನವಳು. ಸ್ಮಾರಕದಲ್ಲಿ ಅವಳು ರಾಣಿಯ ಪಕ್ಕದಲ್ಲೇ ಮಂಡಿಯೂರಿದ್ದಾಳೆ. ಈ ಚರ್ಚಿನ ಬಲಿಪೀಠಕ್ಕೆ ಹಾಸುತ್ತಿದ್ದ ಬಟ್ಟೆ ಆಮೇಲೆ ಚೌಕಟ್ಟಿನೊಳಗೆ ಗೋಡೆಯ ಮೇಲಿತ್ತು. ಬೆಳ್ಳಿ ಎಳೆಯ ರೇಷ್ಮೆ, ಅದರ ತುಂಬ ಹೂವು, ಚಿಟ್ಟೆ, ಕಂಬಳಿಹುಳು. ಅದು ರಾಣಿಯ ಉಡುಪಿನದೇ ತುಂಡು ಎಂದು ತಜ್ಞರು 2016ರಲ್ಲಿ ಗುರುತಿಸಿದರು. ಅವಳ ಉಡುಪುಗಳಲ್ಲಿ ಇಂದಿಗೆ ಉಳಿದಿರುವುದು ಇದೊಂದೇ ಎಂಬ ನಂಬಿಕೆಯಿದೆ. ಬಟ್ಟೆಯನ್ನು ಈಗ ಹ್ಯಾಂಪ್ಟನ್ ಕೋರ್ಟ್ ಅರಮನೆಯವರು ಕಾಪಾಡುತ್ತಿದ್ದಾರೆ.

ಹೊತ್ತು ಉಳಿದರೆ ಗಾರ್ವೇ. ಅಲ್ಲಿ ಟೆಂಪ್ಲರ್ ಎಂಬ ಮಧ್ಯಯುಗದ ಕ್ರೈಸ್ತ ಯೋಧ-ಸನ್ಯಾಸಿಗಳು ಜೆರುಸಲೇಮಿನ ಪವಿತ್ರ ಸಮಾಧಿಯ ಮಾದರಿಯಲ್ಲಿ ದುಂಡಗೆ ಕಟ್ಟಿದ್ದ ಚರ್ಚಿನ ಅಡಿಪಾಯ ಈಗಿನ ಗೋಡೆಯ ಉತ್ತರಕ್ಕೆ ಹುಲ್ಲಿನಲ್ಲಿ ಕಾಣುತ್ತದೆ. ಬಾಗಿಲ ಚಿಲಕ ಬಿಗಿ ಇದ್ದರೂ ಬಹುತೇಕ ಹಳ್ಳಿ ಚರ್ಚುಗಳು ಹಗಲು ತೆರೆದಿರುತ್ತವೆ. ಹೊರಡುವಾಗ ಹಕ್ಕಿ ನುಗ್ಗದಂತೆ ಬಾಗಿಲು ಹಾಕಿ, ಕಾಣಿಕೆ ಡಬ್ಬಿಗೆ ನೋಟು ಹಾಕಿ. ಸೂರು ಸೋರದಂತೆ ನೋಡಿಕೊಳ್ಳುವವರು ಅದೇ ಊರಿನ ಬೆರಳೆಣಿಕೆಯ ಜನ.