ಕೌದಿ ಒದ್ದೆಯಾದರೆ ಮಗುವನ್ನು ಬೈಯಬೇಡಿ, ಹಗಲಿನ ನೀರಿನ ಬಾಟಲಿ ನೋಡಿ

ಮಗು ಶಾಲೆಗೆ ಹೋಗುವಷ್ಟು ದೊಡ್ಡದಾಗಿದೆ, ಆದರೂ ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಮಾಡುತ್ತಿದೆಯಾ? ಮೊದಲು ಇದನ್ನು ನಂಬಿ: ಅದು ಬೇಕಂತ ಮಾಡುತ್ತಿಲ್ಲ. ಸೋಮಾರಿತನ ಅಲ್ಲ, ಹಟವೂ ಅಲ್ಲ. 5 ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳಿಗೆ ಹೀಗಾಗುತ್ತದೆ. 10 ವರ್ಷಕ್ಕೆ ಬಂದರೂ ಸುಮಾರು 5 ಮಕ್ಕಳು ಉಳಿದಿರುತ್ತಾರೆ. ಯಾರೂ ಹೊರಗೆ ಹೇಳಲ್ಲ ಅಷ್ಟೇ.

ನಮ್ಮದು ಬಳ್ಳಾರಿ. ನನ್ನ ಮಗನಿಗೆ ಆಗ 8 ವರ್ಷ. ಬೆಳಿಗ್ಗೆ ನಾನು ಏಳುವ ಮೊದಲೇ ಎದ್ದು ಒದ್ದೆ ಕೌದಿಯನ್ನು ಸುತ್ತಿ ಮಂಚದ ಕೆಳಗೆ ತಳ್ಳಿಬಿಡುತ್ತಿದ್ದ. ಕೌದಿ ತೊಳೆಯುವುದು ಅಂದ್ರೆ ಗೊತ್ತಲ್ಲ, ನೀರು ಕುಡಿದು ಕಲ್ಲಿನಂತೆ ಭಾರವಾಗುತ್ತದೆ, ಇಬ್ಬರು ಆ ಕಡೆ ಈ ಕಡೆ ಹಿಡಿದು ಹಿಂಡಬೇಕು. ನಾನು ಅದನ್ನು ಬೀದಿ ಕಡೆಯ ಕಾಂಪೌಂಡ್ ಮೇಲೆ ಹಾಕುತ್ತಿದ್ದೆ, ಬಿಸಿಲು ಅಲ್ಲೇ ಚೆನ್ನಾಗಿ ಬೀಳುತ್ತದೆ ಅಂತ. ಅವನು ಆ ಗೋಡೆ ಕಡೆ ನೋಡದೆ, ತಲೆ ತಗ್ಗಿಸಿ ಶಾಲೆಗೆ ಹೋಗುತ್ತಿದ್ದ. ಅದು ನನಗೆ ಅರ್ಥವಾಗಲು ತಿಂಗಳುಗಳೇ ಬೇಕಾದವು. ಹಾಗಾಗಿ ಮೊದಲ ಕೆಲಸ ಇದು: ಒಣಹಾಕುವ ಜಾಗ ಬದಲಿಸಿ. ಹಿತ್ತಲಲ್ಲಿ ಹಾಕಿ, ಮಾಳಿಗೆ ಮೇಲೆ ಹಾಕಿ. ಕೌದಿ ಬದಲು ಕೆಳಗೆ ರೆಕ್ಸಿನ್, ಅದರ ಮೇಲೆ ಹಳೆ ಕಾಟನ್ ಸೀರೆ ನಾಲ್ಕು ಮಡಿಕೆ ಮಾಡಿ ಹಾಸಿದರೆ ತೊಳೆಯೋದೂ ಸುಲಭ, ಒಂದು ಗಂಟೆಯಲ್ಲಿ ಒಣಗುತ್ತದೆ.

ಯಾಕೆ ಹೀಗಾಗುತ್ತದೆ? ರಾತ್ರಿ ಮೂತ್ರ ಕಡಿಮೆ ತಯಾರಾಗಲಿ ಅಂತ ಮೆದುಳು ವ್ಯಾಸೊಪ್ರೆಸಿನ್ ಅನ್ನುವ ಹಾರ್ಮೋನು ಬಿಡುತ್ತದೆ. ಕೆಲವು ಮಕ್ಕಳಲ್ಲಿ ಇದು ರಾತ್ರಿ ಸಾಕಷ್ಟು ಬರುವುದಿಲ್ಲ. ಕೆಲವರ ಮೂತ್ರಚೀಲ ಜಾಸ್ತಿ ಹಿಡಿಯುವುದಿಲ್ಲ. ಚೀಲ ತುಂಬಿದರೂ ಎಚ್ಚರ ಆಗುವುದಿಲ್ಲ, ಅಷ್ಟು ಗಾಢ ನಿದ್ದೆ. ಇದು ವಂಶದಲ್ಲೂ ಬರುತ್ತದೆ. ತಂದೆ ತಾಯಿಯಲ್ಲಿ ಒಬ್ಬರಿಗೆ ಚಿಕ್ಕಂದಿನಲ್ಲಿ ಇದ್ದಿದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ ಸುಮಾರು 44, ಇಬ್ಬರಿಗೂ ಇದ್ದಿದ್ದರೆ ಸುಮಾರು 77. ನಮ್ಮತ್ತೆ ಒಂದಿನ ಮೊಮ್ಮಗನ ತಲೆ ಸವರುತ್ತಾ, "ನಿಮ್ಮಪ್ಪನೂ ಐದನೇ ಕ್ಲಾಸ್ ತನಕ ಹಿಂಗ ಇದ್ದ ಬಿಡಪ್ಪ" ಅಂದರು. ಅವನು ಬಾಯಿ ತೆರೆದು ಅಪ್ಪನ ಮುಖ ನೋಡಿದ. ಅವತ್ತಿಂದ ಕೌದಿ ಮಂಚದ ಕೆಳಗೆ ಹೋಗಲಿಲ್ಲ, ಎದ್ದ ಕೂಡಲೇ ನನ್ನ ಹತ್ತಿರ ಬಂದು ಹೇಳುತ್ತಿದ್ದ. ನಿಮ್ಮ ಮನೆಯಲ್ಲೂ ಯಾರಾದರೂ ಇದ್ದರೆ ಮಗುವಿಗೆ ಹೇಳಿ, ಮುಚ್ಚಿಡಬೇಡಿ.

ಈಗ ನೀರಿನ ವಿಷಯ. ನಾನು ತಪ್ಪು ಮಾಡಿದ್ದು ಇಲ್ಲೇ. ಸಂಜೆಯಾದರೆ ನೀರು ಬಂದ್ ಮಾಡುತ್ತಿದ್ದೆ. ಒಂದು ದಿನ ಶಾಲೆಯ ಬ್ಯಾಗು ತೆಗೆದರೆ ಬಾಟಲಿ ಬೆಳಿಗ್ಗೆ ತುಂಬಿಸಿ ಕೊಟ್ಟ ಹಾಗೇ ಇತ್ತು. ಕೇಳಿದರೆ, ಶಾಲೆ ಟಾಯ್ಲೆಟ್ ವಾಸನೆ ಬರುತ್ತದೆ, ಅದಕ್ಕೇ ನೀರು ಕುಡಿಯಲ್ಲ ಅಂದ. ದಿನವಿಡೀ ಬಾಯಿ ಒಣಗಿಸಿಕೊಂಡು ಮನೆಗೆ ಬಂದು, ಒಗ್ಗರಣೆ ಮಿರ್ಚಿ ತಿಂದು, ಎರಡು ಚೊಂಬು ನೀರು ಕುಡಿದರೆ ರಾತ್ರಿ ಇನ್ನೇನಾಗಬೇಕು? ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಬೇಸಿಗೆ 40 ಡಿಗ್ರಿ ದಾಟುತ್ತದೆ, ಇಲ್ಲಿ ಮಗುವಿಗೆ ನೀರು ಕಡಿಮೆ ಮಾಡುವ ಮಾತೇ ಬೇಡ. ಹೊತ್ತು ಬದಲಿಸಿ. ದಿನದ ನೀರಿನಲ್ಲಿ ಹೆಚ್ಚು ಪಾಲು ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ, ಇನ್ನೊಂದು ದೊಡ್ಡ ಪಾಲು ಸಂಜೆ 5ರ ಒಳಗೆ, ಆಮೇಲೆ ಸ್ವಲ್ಪ ಸ್ವಲ್ಪ. ರಾತ್ರಿ ಬಾಯಾರಿದರೆ ಎರಡು ಗುಟುಕು ಕೊಡಿ, ಪಾಪ. ಸಂಜೆಯ ಚಹಾ, ಕೋಲಾ ಮಾತ್ರ ಪೂರ್ತಿ ಬಿಡಿಸಿ. ಟೀಚರನ್ನು ಒಬ್ಬರೇ ಸಿಕ್ಕಾಗ ಮಾತಾಡಿಸಿ, ಎರಡು ಮೂರು ಗಂಟೆಗೊಮ್ಮೆ ಉಚ್ಚೆಗೆ ಬಿಡಿ ಅಂತ ಕೇಳಿಕೊಳ್ಳಿ, ಉಳಿದ ಮಕ್ಕಳ ಮುಂದೆ ಬೇಡ.

ಮಲಗುವ ಮುಂಚೆ ಎರಡು ಸಲ ಹೋಗಲಿ, ಊಟ ಆದ ಮೇಲೆ ಒಮ್ಮೆ, ದೀಪ ಆರಿಸುವ ಮೊದಲು ಇನ್ನೊಮ್ಮೆ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವವರು ಮಗುವಿನ ಹಾಸಿಗೆಯನ್ನು ಮೆಟ್ಟಿಲ ಹತ್ತಿರ ಹಾಕಿ, ಪಕ್ಕದಲ್ಲಿ ಟಾರ್ಚ್ ಇಡಿ. ಕತ್ತಲಿಗೆ ಹೆದರಿ ಏಳದ ಮಕ್ಕಳು ಬಹಳ ಇದ್ದಾರೆ. ರಾತ್ರಿ ಎತ್ತಿಕೊಂಡು ಹೋಗಿ ನಿದ್ದೆಗಣ್ಣಲ್ಲೇ ಮಾಡಿಸಿದರೆ ಆ ದಿನದ ಹಾಸಿಗೆ ಉಳಿಯುತ್ತದೆ, ಆದರೆ ಮಗು ಏನೂ ಕಲಿಯುವುದಿಲ್ಲ. ಎಬ್ಬಿಸುವುದಾದರೆ ಪೂರ್ತಿ ಎಬ್ಬಿಸಿ, ತಾನೇ ನಡೆದು ಹೋಗಲಿ.

ಮಲಬದ್ಧತೆ ಇದೆಯಾ ನೋಡಿ. ಇದನ್ನು ಯಾರೂ ಕೇಳುವುದಿಲ್ಲ. ಕರುಳು ತುಂಬಿದ್ದರೆ ಮೂತ್ರಚೀಲವನ್ನು ಒತ್ತುತ್ತದೆ. ಬಿಸ್ಕೆಟ್, ಕುರ್ಕುರೆ ಕಡಿಮೆ ಮಾಡಿ ಜೋಳದ ರೊಟ್ಟಿ, ಪುಂಡಿ ಪಲ್ಲೆ, ಕಾಳು, ಪೇರಲಹಣ್ಣು ಕೊಡಿ. ನಮ್ಮ ಹುಡುಗನಿಗೆ ಅರ್ಧ ತೊಂದರೆ ಇದರಿಂದಲೇ ಇತ್ತು.

ಬಹುಮಾನ ಕೊಡುವುದಾದರೆ ಒಣಗಿದ ಹಾಸಿಗೆಗೆ ಬೇಡ, ಅದು ಅವನ ಕೈಯಲ್ಲಿಲ್ಲ. ಬಾಟಲಿ ಖಾಲಿ ಮಾಡಿಕೊಂಡು ಬಂದಿದ್ದಕ್ಕೆ, ಮಲಗುವ ಮುಂಚೆ ತಾನಾಗೇ ಹೋಗಿ ಬಂದಿದ್ದಕ್ಕೆ ಕೊಡಿ. ಬರೆ ಹಾಕ್ತೀನಿ ಅಂತ ಹೆದರಿಸುವುದು, ನೆಂಟರ ಮುಂದೆ ಹೇಳಿ ನಗುವುದು ಖಂಡಿತ ಬೇಡ. ಹೆದರಿಕೆಯಿಂದ ಇದು ಹೋಗುವುದಿಲ್ಲ.

ಇಷ್ಟಕ್ಕೂ ಕಡಿಮೆಯಾಗದಿದ್ದರೆ ಎರಡು ದಾರಿ ಇವೆ. ಒಂದು ಅಲಾರಂ. ಚಡ್ಡಿಗೆ ಸಿಕ್ಕಿಸುವ ಸಣ್ಣ ಸಾಧನ, ಹನಿ ಬಿದ್ದ ಕೂಡಲೇ ಕೂಗುತ್ತದೆ. ಮೊದಮೊದಲು ಮಗು ಏಳುವುದಿಲ್ಲ, ನೀವೇ ಎದ್ದು ಎಬ್ಬಿಸಬೇಕು. ಎರಡು ಮೂರು ತಿಂಗಳು ಬೇಕು, ಸಾಲಾಗಿ 14 ರಾತ್ರಿ ಒಣಗಿದ್ದರೆ ನಿಲ್ಲಿಸಬಹುದು. ಇನ್ನೊಂದು, ರಾತ್ರಿ ಮೂತ್ರ ಕಡಿಮೆ ಮಾಡುವ ಡೆಸ್ಮೊಪ್ರೆಸಿನ್ ಮಾತ್ರೆ, ಡಾಕ್ಟರ್ ಹೇಳಿದರೆ ಮಾತ್ರ. ಅದನ್ನು ಕೊಡುವ 1 ಗಂಟೆ ಮುಂಚಿನಿಂದ, ಕೊಟ್ಟ ಮೇಲೆ 8 ಗಂಟೆ ಕಳೆಯುವ ತನಕ ನೀರು ತುಂಬಾ ಕಡಿಮೆ ಇರಬೇಕು, ಇಲ್ಲದಿದ್ದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯ. ನಮ್ಮ ಸೆಕೆಯಲ್ಲಿ ರಾತ್ರಿ ಚೊಂಬು ಎತ್ತುವ ಮಕ್ಕಳ ತಾಯಂದಿರು ಇದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಕೆಲವು ಲಕ್ಷಣ ಕಂಡರೆ ಕಾಯಬೇಡಿ. ಆರು ತಿಂಗಳು ಒಣಗಿದ್ದ ಮಗು ಮತ್ತೆ ಶುರು ಮಾಡಿದರೆ, ಹಗಲಲ್ಲೂ ಹನಿ ಜಾರಿದರೆ, ಉರಿ, ಜ್ವರ, ಮೂತ್ರದಲ್ಲಿ ರಕ್ತ ಇದ್ದರೆ, ರಾತ್ರಿ ಜೋರಾಗಿ ಗೊರಕೆ ಹೊಡೆದರೆ, ನಡಿಗೆ ಬದಲಾದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ವಿಪರೀತ ಬಾಯಾರಿಕೆ, ಜೊತೆಗೆ ತೂಕ ಇಳಿಯುತ್ತಿದ್ದರೆ ಅದು ಸಕ್ಕರೆ ಕಾಯಿಲೆ ಇರಬಹುದು, ಅವತ್ತೇ ಹೋಗಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ.

ಹುಲಿಗಿಗೆ ಹುಣ್ಣಿಮೆಗೆ ಹೋದಾಗ, ಮದುವೆ ಮನೆಯಲ್ಲಿ ಉಳಿಯಬೇಕಾದಾಗ ಮಗು ಬರಲ್ಲ ಅಂತ ಹಟ ಹಿಡಿದರೆ ಕಾರಣ ಇದೇ ಇರುತ್ತದೆ. ರೆಕ್ಸಿನ್, ಸೀರೆ, ಒಂದು ಜೊತೆ ಚಡ್ಡಿ ಬೇರೆ ಚೀಲದಲ್ಲಿ ಇಟ್ಟುಕೊಳ್ಳಿ, ಚೀಲ ಎಲ್ಲಿದೆ ಅಂತ ಅವನಿಗೂ ತೋರಿಸಿ. ನಾವು ಹಾಗೇ ಮಾಡಿದೆವು. ಮೊದಲ ಸಲ ಹೋದಾಗ ಅವನು ಮಲಗುವ ಮುಂಚೆ ಮೂರು ಸಲ ಆ ಚೀಲ ಮುಟ್ಟಿ ನೋಡಿ ಬಂದ, ಆಮೇಲೆ ಅಣ್ಣತಮ್ಮಂದಿರ ಮಧ್ಯೆ ಹೋಗಿ ಮಲಗಿದ.