ನಾಲೆ ನಿಂತಾಗಲೇ ಪೆಟ್ರೋಲ್ ಸಿಗೋದು

ಮಂಡ್ಯ–ಮದ್ದೂರು ಹಳೇ ರಸ್ತೆಯಲ್ಲಿ ಒಂದು ಬಂಕ್. ಪಕ್ಕದ ಗದ್ದೆಯ ತೆರೆದ ಬಾವಿ ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ಸೋರಿಕೆ ಹುಡುಕಲು ನನಗಿಂತ ಮೊದಲು ಬಂದವರು ರಿಗ್ ತರಿಸಿ ಬೋರ್ ಕೊರೆಸಿ, 'ಏನೂ ಇಲ್ಲ' ಅಂತ ವರದಿ ಕೊಟ್ಟು ಹೋಗಿದ್ದರು. ಲಕ್ಷದ ಮೇಲೆ ಖರ್ಚಾಗಿತ್ತು. ಬಾವಿ ಯಜಮಾನರು ಮಾತ್ರ ಒಂದೇ ಮಾತು: "ನಾಲೆ ನಿಂತಾಗ ಬನ್ನಿ ಸಾ, ಎಮ್ಮೆನೂ ಮೂಸಿ ನೋಡಿ ಹಿಂದಕ್ಕೆ ಹೋಯ್ತದೆ."

ಅವರ ಮಾತೇ ಸರಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಹರಿಯುವಾಗ ಇಲ್ಲಿ ಅಂತರ್ಜಲ ಆಳೆತ್ತರದೊಳಗೇ ಸಿಗುತ್ತದೆ. ಪೆಟ್ರೋಲ್ ಮಣ್ಣಿನ ಸಂದಿಗಳಲ್ಲಿ ನೀರಿನಡಿ ಸಿಕ್ಕಿಹಾಕಿಕೊಂಡಿರುತ್ತದೆ, ಬೋರಿನ ಪೈಪಿಗೆ ಬರುವುದಿಲ್ಲ. ನೀರು ಇಳಿದರೆ ಜಿನುಗಿ ಬರುತ್ತದೆ. ಮೊದಲಿನವರು ಭರ್ತಿ ನಾಲೆಯ ಕಾಲದಲ್ಲಿ ಅಳೆದಿದ್ದರು. ಸಾಲದ್ದಕ್ಕೆ ಪೈಪಿನ ಸ್ಲಾಟ್ (ನೀರು ಒಳಬರುವ ಸೀಳು) ಎಲ್ಲಾ ನೀರಿನ ಮಟ್ಟಕ್ಕಿಂತ ಕೆಳಗೆ. ತೇಲುವ ಪೆಟ್ರೋಲ್ ಒಳಗೆ ಬರುವುದಾದರೂ ಹೇಗೆ? ರಿಗ್‌ನ ಗಾಳಿಗೆ ಮಣ್ಣಿನಲ್ಲಿದ್ದ ಆವಿಯೂ ಹಾರಿಹೋಗಿತ್ತು.

ನಾನು ಕೈ ಆಗರ್, ಅಂದರೆ ಕೈಯಲ್ಲೇ ತಿರುಗಿಸಿ ಮಣ್ಣು ಕೊರೆಯುವ ಸಲಕರಣೆ, ಅಂದಾಗ ಬಂಕ್ ಮಾಲೀಕರು ನಕ್ಕರು. "ಇದೇನು ಬೇಲಿ ಕಂಬಕ್ಕೆ ಗುಂಡಿನಾ?" ಅಂದರು. ಇಬ್ಬರು ಆಳು, ಕೂಲಿ ದಿನಕ್ಕೆ ತಲಾ 800 ರೂಪಾಯಿ. ಮೇಲೆ ಕಪ್ಪು ಜೇಡಿ, ಕೆಳಗೆ ಗರಸು, ಸುಮಾರು 4 ಮೀಟರಿಗೆ ಕಲ್ಲು. ಕಲ್ಲಿಗೆ ತಾಗಿದ ಕಡೆ ನಿಲ್ಲಿಸಿಬಿಟ್ಟೆವು. ಬಿರುಕಿನೊಳಗೆ ದಾರಿ ಮಾಡಿಕೊಟ್ಟರೆ ಊರಿನ ಬೋರ್‌ವೆಲ್‌ಗಳಿಗೂ ಆಪತ್ತು, ಅಲ್ವಾ.

ಅರ್ಧ ಮೀಟರಿಗೊಂದು ಹಿಡಿ ಮಣ್ಣು, ಜಿಪ್ ಚೀಲ, ಬಿಸಿಲು, ಆಮೇಲೆ ಪಿಐಡಿ (ಪೆಟ್ರೋಲ್ ಆವಿ ಅಳೆಯುವ ಮೀಟರ್) ಮೂತಿ ಒಳಗೆ. ಎಲ್ಲರೂ ಮಾಡುವುದೇ. ಚೀಲ ಎಷ್ಟು ಹೊತ್ತು ಇಡಬೇಕು, ಒದ್ದೆ ಜೇಡಿಗೆ ಏನು ಮಾಡಬೇಕು ಅನ್ನೋದು ನನ್ನ ಹತ್ತಿರವೇ ಇರಲಿ, ಅದಕ್ಕೆ ಬಹಳ ದುಡ್ಡು ಸುರಿದಿದ್ದೇನೆ. ಮೇಲಿನ ಮಣ್ಣಿನಲ್ಲಿ ಮೀಟರ್ ಸುಮಾರು 10 ಪಿಪಿಎಂ ತೋರಿಸುತ್ತಿತ್ತು. 2 ಮೀಟರ್ ದಾಟಿದ ಮೇಲೆ, ನೀರು ಏರಿಳಿಯುವ ಪಟ್ಟಿಯಲ್ಲಿ, 800–900ಕ್ಕೆ ಹಾರಿತು. ಆ ಮಣ್ಣು ಬೂದು ಬಣ್ಣಕ್ಕೆ ತಿರುಗಿತ್ತು, ಮುಷ್ಟಿಯಲ್ಲಿ ಹಿಂಡಿದರೆ ಗ್ಲೌಸ್ ಮೇಲೆ ಬಣ್ಣಬಣ್ಣದ ಪಸೆ.

ಇಂಟರ್‌ಫೇಸ್ ಮೀಟರ್, ಅಂದರೆ ಪೆಟ್ರೋಲ್ ಎಲ್ಲಿ ಮುಗಿದು ನೀರು ಶುರುವಾಗುತ್ತದೆ ಅಂತ ತೋರಿಸುವ ಸಾಧನ, ಕೊಳ್ಳುವ ಶಕ್ತಿ ನನಗಿಲ್ಲ. ಬಂಕ್‌ನವರ ಹತ್ತಿರವೇ ವಾಟರ್ ಪೇಸ್ಟ್ (ನೀರು ತಾಗಿದರೆ ಬಣ್ಣ ಬದಲಾಗುವುದು), ಪೆಟ್ರೋಲ್ ಪೇಸ್ಟ್ (ಪೆಟ್ರೋಲ್ ತಾಗಿದರೆ ಬದಲಾಗುವುದು) ಎರಡೂ ಇದ್ದವು. ಡಿಪ್ ರಾಡ್‌ನ ಒಂದು ಬದಿಗೆ ಇದು, ಇನ್ನೊಂದು ಬದಿಗೆ ಅದು ಸವರಿ, ನಮ್ಮ ಗುಂಡಿಗೆ ಹಾಕಿದ ಪೈಪಿಗೆ ಇಳಿಸಿದೆ. ಎರಡೂ ಬಣ್ಣ ಬದಲಾದ ಗೆರೆಗಳ ನಡುವಿನ ಅಂತರವೇ ಪೆಟ್ರೋಲ್ ದಪ್ಪ. ನಾಲೆ ಇದ್ದಾಗ ಸೊನ್ನೆ. ನಿಂತು ಮೂರ್ನಾಲ್ಕು ವಾರಕ್ಕೆ ಗೇಣುದ್ದ. ಮಾಲೀಕರ ಮುಖ ಬಿಳುಚಿತು. ಪೈಪಿನಲ್ಲಿ ಕಂಡಷ್ಟು ಮಣ್ಣಿನಲ್ಲಿ ಇರುವುದಿಲ್ಲ ಅಂತ ಸಮಾಧಾನ ಹೇಳಬೇಕಾಯಿತು. ತೇಲುವ ಪೆಟ್ರೋಲ್ ಭಾರಕ್ಕೆ ಪೈಪಿನಲ್ಲಿ ನೀರು ತಗ್ಗಿರುತ್ತದೆ, ಅದಕ್ಕೆ ಅಂತರ್ಜಲ ಹರಿವಿನ ದಿಕ್ಕು ತೆಗೆಯುವಾಗ ಆ ದಪ್ಪದ ಸುಮಾರು ಮುಕ್ಕಾಲು ಪಾಲನ್ನು ನೀರಿನ ಮಟ್ಟಕ್ಕೆ ಸೇರಿಸಿದೆ. ಆಗ ಬಾಣ ನೇರ ಬಾವಿ ಕಡೆಗೆ ತಿರುಗಿತು.

ನಡುವೆ ಗದ್ದೆ ನೀರಿನ ಬಣ್ಣದ ಪದರದ ಮೇಲೂ ಸುಮ್ನೆ ಒಂದಷ್ಟು ಹೊತ್ತು ಕಳೆದೆ. ಕಡ್ಡಿಯಿಂದ ಚುಚ್ಚಿದರೆ ಚೂರುಚೂರಾಗಿ ಒಡೆಯಿತು. ಅದು ಕಬ್ಬಿಣದ್ದೇ. ಬಾವಿಯಿಂದ ಕೊಡದಲ್ಲಿ ಸೇದಿದ ನೀರಿನದ್ದು ಮಾತ್ರ ಚುಚ್ಚಿದ ತಕ್ಷಣ ಮತ್ತೆ ಕೂಡಿಕೊಂಡಿತು. ನೋಡಲು ನಿಂತಿದ್ದ ಊರಿನವರಿಗೆ ನನ್ನ ಮೀಟರಿಗಿಂತ ಈ ಕಡ್ಡಿ ಮೇಲೆಯೇ ನಂಬಿಕೆ ಬಂತು.

ಬೆಂಗಳೂರಿನ ಲ್ಯಾಬಿಗೆ ಕಳಿಸಿದ್ದು ಕೆಲವೇ ಬಾಟಲಿ. ಒಂದಕ್ಕೆ ಸುಮಾರು 4,500 ರೂಪಾಯಿ, ಐಸ್ ಪೆಟ್ಟಿಗೆ ಬಾಡಿಗೆ ಬೇರೆ. ಮೀಟರ್ ಜಾಸ್ತಿ ತೋರಿಸಿದ ಗುಂಡಿಗಳದ್ದು, ಬಾವಿಯದ್ದು, ನಾಲೆ ಬದಿಯ ಶುದ್ಧ ಮಾದರಿ ಒಂದು. ಕುಡಿಯುವ ನೀರಿನಲ್ಲಿ ಪೆಟ್ರೋಲಿನ ವಿಷಕಾರಿ ಅಂಶವಾದ ಬೆಂಜೀನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಬಾವಿಯಲ್ಲಿ ಅದರ ಹತ್ತಾರು ಪಟ್ಟು ಬಂತು. ಟ್ಯಾಂಕ್ ಗಟ್ಟಿಯಾಗಿತ್ತು, ಸೋರಿದ್ದು ಪೈಪ್ ಜಾಯಿಂಟ್. ದಿನಕ್ಕೆ ಇಷ್ಟಿಷ್ಟೇ ಹೋದರೆ ದಿನದ ದಾಸ್ತಾನು ಬರೆಯುವ ಡಿಪ್ ರಿಜಿಸ್ಟರ್‌ನಲ್ಲಿ ಆವಿಯ ಲೆಕ್ಕಕ್ಕೆ ಸೇರಿ ಮುಚ್ಚಿಹೋಗುತ್ತದೆ.

ಒಟ್ಟು ಖರ್ಚು 60 ಸಾವಿರದ ಆಸುಪಾಸು, ಪಿಐಡಿ ಬಾಡಿಗೆಯೂ ಸೇರಿ. ಇದೇ ಬಂಕ್‌ನ ಡೀಸೆಲ್ ಬದಿಗೆ ಮಾತ್ರ ಈ ಲೆಕ್ಕ ಹಿಡಿಯಲಿಲ್ಲ. ಡೀಸೆಲ್ ಅಷ್ಟು ಆವಿಯಾಗುವುದಿಲ್ಲ, ಮಣ್ಣು ಕೈಗೆ ಅಂಟುತ್ತಿದ್ದರೂ ಮೀಟರ್ 30 ದಾಟಲಿಲ್ಲ. ಅಲ್ಲಿ ಮಣ್ಣನ್ನೇ ಲ್ಯಾಬಿಗೆ ಕಳಿಸಿದ್ದೇನೆ, ಬಿಲ್ ಇನ್ನೂ ಬಂದಿಲ್ಲ.