ತಾರಸಿಯಲ್ಲಿ ಮಲ್ಲಿಗೆ: ಕತ್ತರಿ ಹಿಡಿಯಲು ಹೆದರಬೇಡಿ

ನಮ್ಮ ತಾರಸಿಯ ಮಲ್ಲಿಗೆ ಗಿಡ ಮೂರು ವರ್ಷ ಬರೀ ಎಲೆ ಬಿಟ್ಟುಕೊಂಡು ಕೂತಿತ್ತು. ನೋಡೋಕೆ ಸೊಂಪಾಗಿತ್ತು. ದಿನಾ ನೀರು, ತಿಂಗಳಿಗೊಮ್ಮೆ ಗೊಬ್ಬರ, ಯಾವುದಕ್ಕೂ ಕಮ್ಮಿ ಇರಲಿಲ್ಲ. ಹೂವು ಮಾತ್ರ ದೇವರ ಪಟಕ್ಕೂ ಸಾಲುತ್ತಿರಲಿಲ್ಲ. ಒಂದು ಡಿಸೆಂಬರ್‌ನಲ್ಲಿ ಊರಿಂದ ಬಂದ ಅತ್ತೆ ಕಾಫಿ ಕುಡಿದು ಮೇಲೆ ಹೋದವರು, ಕತ್ತರಿ ತರಿಸಿಕೊಂಡು ಇಡೀ ಗಿಡವನ್ನು ಬೋಳಿಸಿಬಿಟ್ಟರು. ಉಳಿದದ್ದು ಒಂದಡಿ ಎತ್ತರದ ನಾಲ್ಕು ಕಡ್ಡಿ. ನನಗೆ ಎರಡು ದಿನ ಊಟ ರುಚಿಸಲಿಲ್ಲ. ಮಾರ್ಚ್ ಬಂತು ನೋಡಿ, ಅದೇ ಕಡ್ಡಿಗಳ ತುಂಬಾ ಮೊಗ್ಗು!

ಆ ಕತ್ತರಿಯ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಗಿಡ ನೆಡಬೇಕಲ್ವಾ?

ಮೊದಲು ಬಿಸಿಲು ನೋಡಿ

ನರ್ಸರಿಗೆ ಹೋಗುವ ಮುಂಚೆ ಒಂದು ಭಾನುವಾರ ನಿಮ್ಮ ತಾರಸಿ ಅಥವಾ ಬಾಲ್ಕನಿಯನ್ನು ಗಮನಿಸಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಬಿಸಿಲು ಎಲ್ಲೆಲ್ಲಿ ಬೀಳುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮಲ್ಲಿಗೆಗೆ ದಿನಕ್ಕೆ 5–6 ಗಂಟೆ ನೇರ ಬಿಸಿಲು ಬೇಕೇ ಬೇಕು. ಅಷ್ಟು ಸಿಗದಿದ್ದರೆ ಮಲ್ಲಿಗೆಯ ಆಸೆ ಬಿಟ್ಟು ದೊಡ್ಡಪತ್ರೆ, ಪುದೀನ, ಮನಿ ಪ್ಲಾಂಟ್ ಬೆಳೆಸಿ. ನೆರಳಲ್ಲಿ ಮಲ್ಲಿಗೆ ಬದುಕುತ್ತದೆ, ಹೂ ಕೊಡುವುದಿಲ್ಲ.

ನೀರು ಕುಡಿದ ಕುಂಡ ಭಾರಿ ತೂಕ. ದೊಡ್ಡ ಕುಂಡಗಳನ್ನು ತಾರಸಿಯ ನಡುವೆ ಗುಂಪು ಹಾಕದೆ, ಗೋಡೆ ಅಥವಾ ತೊಲೆಯ ಮೇಲೆ ಬರುವ ಹಾಗೆ ಅಂಚಿನಲ್ಲಿ ಸಾಲಾಗಿ ಇಡಿ. ಪ್ರತಿ ಕುಂಡದ ಕೆಳಗೆ ಎರಡು ಇಟ್ಟಿಗೆ ಇರಲಿ. ನೀರು ನಿಲ್ಲುವುದಿಲ್ಲ, ತಾರಸಿ ಪಾಚಿ ಕಟ್ಟುವುದಿಲ್ಲ, ಕೆಳಗಿನ ಮನೆಯವರು ಬಾಗಿಲು ಬಡಿಯುವುದಿಲ್ಲ.

ಯಾವ ಮಲ್ಲಿಗೆ?

‘ಮಲ್ಲಿಗೆ ಗಿಡ ಕೊಡಿ’ ಅಂದರೆ ನರ್ಸರಿಯವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ನನಗೊಮ್ಮೆ ಮೈಸೂರು ಮಲ್ಲಿಗೆ ಅಂತ ಕಾಕಡ ಕೊಟ್ಟಿದ್ದರು. ಕಾಕಡ ಕೆಟ್ಟದ್ದೇನಲ್ಲ, ವರ್ಷದ ಬಹುಪಾಲು ಹೂ ಬಿಡುತ್ತದೆ, ಮಾಲೆಗೆ ಚೆನ್ನ. ಆದರೆ ಪರಿಮಳ ಇಲ್ಲವೆಂದರೂ ಸರಿ. ಪರಿಮಳ ಇಲ್ಲದ ಮಲ್ಲಿಗೆ ಯಾಕೆ ಹೇಳಿ?

ನಮ್ಮ ರಾಜ್ಯದ ಮೂರು ಮಲ್ಲಿಗೆಗಳಿಗೆ ಜಿಐ, ಅಂದರೆ ಇದು ಈ ಊರಿನದೇ ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಇದೆ: ಮೈಸೂರು, ಉಡುಪಿ, ಹೂವಿನ ಹಡಗಲಿ. ಮೈಸೂರು ಮತ್ತು ಉಡುಪಿಯದು ದುಂಡು ಮಲ್ಲಿಗೆಯ ಜಾತಿ. ಹಡಗಲಿಯದು ಬೇರೆ ಜಾತಿ, ಅದರ ಮೊಗ್ಗು ಸಣ್ಣದು. ಉಡುಪಿ ಮಲ್ಲಿಗೆ ಅಂದರೆ ಆ ಜಿಲ್ಲೆಯ ಶಂಕರಪುರದ ಹೆಸರು ಬಂದೇ ಬರುತ್ತದೆ. ಅಲ್ಲಿ ಹೂವಿನ ಲೆಕ್ಕ ಮೊಳದಲ್ಲಿಲ್ಲ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಕುಂಡದಲ್ಲಿ ಬೆಳೆಯಲು ದುಂಡು ಮಲ್ಲಿಗೆಯೇ ವಾಸಿ. ಪೊದೆಯಂತೆ ಬೆಳೆಯುತ್ತದೆ, ಚಪ್ಪರದ ರಗಳೆ ಇಲ್ಲ. ಜಾಜಿ ಬೇಕಿದ್ದರೆ ಹಬ್ಬಲು ಕಂಬಿ, ಹಗ್ಗ ಎಲ್ಲಾ ಹೊಂದಿಸಬೇಕು.

ಬೆಂಗಳೂರಿನವರಿಗೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಿವೆ. ಎಲ್ಲಿ ಕೊಂಡರೂ ಒಂದಾದರೂ ಹೂ ಅರಳಿರುವ ಗಿಡ ತಗೊಳ್ಳಿ. ಮೂಸಿ ನೋಡಿಯೇ ದುಡ್ಡು ಕೊಡಿ.

ಕುಂಡ, ಮಣ್ಣು

14 ಇಂಚಿನ ಕುಂಡ ಸಾಕು. ತಳದ ತೂತಿನ ಮೇಲೆ ಒಂದು ಹೆಂಚಿನ ಚೂರು ಇಡಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಒಂದು ಪಾಲು ಮರಳು ಅಥವಾ ತೆಂಗಿನ ನಾರಿನ ಪುಡಿ ಬೆರೆಸಿ. ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಮೇಲೆ ಎರಡು ಇಂಚು ಖಾಲಿ ಬಿಡಿ, ಇಲ್ಲದಿದ್ದರೆ ನೀರು ಹಾಕಿದಾಗ ಮಣ್ಣೆಲ್ಲ ಹೊರಗೆ ಬರುತ್ತದೆ. ನೆಟ್ಟು ಒಂದು ವಾರ ನೆರಳಲ್ಲಿಡಿ, ಆಮೇಲೆ ಬಿಸಿಲಿಗೆ.

ನೀರಿಗೆ ಗಡಿಯಾರ ನೋಡಬೇಡಿ. ಬೆರಳನ್ನು ಒಂದು ಇಂಚು ಮಣ್ಣಿಗೆ ತೂರಿಸಿ. ಒಣಗಿದ್ದರೆ ತಳದಿಂದ ನೀರು ಇಳಿಯುವಷ್ಟು ಹಾಕಿ. ಹಸಿ ಇದ್ದರೆ ಸುಮ್ನೆ ಬನ್ನಿ. ಸುಮ್ನೆ ಬರೋದೇ ಕಷ್ಟ, ಗೊತ್ತು.

ಈಗ ಕತ್ತರಿ

ದುಂಡು ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ಕೊಂಬೆ ಎಷ್ಟೇ ಉದ್ದ ಇದ್ದರೂ ಅದರಲ್ಲಿ ಹೊಸ ಚಿಗುರು ಬರದಿದ್ದರೆ ಹೂವಿಲ್ಲ. ಹೊಸ ಚಿಗುರು ಜಾಸ್ತಿ ಬರಬೇಕೆಂದರೆ ಹಳೆಯದನ್ನು ಕಡಿಯಬೇಕು. ಅತ್ತೆ ಮಾಡಿದ್ದು ಇದನ್ನೇ.

ಕೆಲಸಕ್ಕೆ ಸರಿಯಾದ ಕಾಲ ನವೆಂಬರ್ ಕೊನೆಯಿಂದ ಜನವರಿ ತನಕ. ಅದಕ್ಕೆ ಹತ್ತು ದಿನ ಮುಂಚೆ ನೀರು ಕಡಿಮೆ ಮಾಡಿ. ಗಿಡ ಸ್ವಲ್ಪ ಬಾಡಿದಂತೆ ಕಂಡರೆ ಗಾಬರಿ ಬೇಡ, ಅದು ವಿಶ್ರಾಂತಿಗೆ ಹೋಗುತ್ತಿದೆ. ಆಮೇಲೆ ಒಣಗಿದ, ಪೀಚಲಾದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಬುಡದಲ್ಲೇ ತೆಗೆಯಿರಿ. ಉಳಿದವನ್ನು ಮಣ್ಣಿಂದ ಒಂದಡಿ, ಹೆಚ್ಚೆಂದರೆ ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಿ. ಎಲೆ ಜೋಡಿಯ ಸ್ವಲ್ಪ ಮೇಲೆ, ಓರೆಯಾಗಿ. ಕತ್ತರಿ ಹರಿತವಾಗಿರಲಿ. ಅಡುಗೆಮನೆಯ ಹಾಲಿನ ಪ್ಯಾಕೆಟ್ ಕತ್ತರಿ ಕೊಂಬೆಯನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಉಳಿದ ಎಲೆಗಳನ್ನೂ ಕೈಯಲ್ಲಿ ಬಿಡಿಸಿಬಿಡಿ.

ಮೇಲಿನ ಎರಡು ಇಂಚು ಮಣ್ಣನ್ನು ಕೆದಕಿ ತೆಗೆದು ಹೊಸ ಗೊಬ್ಬರ ತುಂಬಿ. ಆಗ ನೀರು ಕೊಡಿ. ಕೆಲವು ವಾರ ಏನೂ ಕಾಣುವುದಿಲ್ಲ, ಬೈದುಕೊಳ್ಳುತ್ತಾ ಕಾಯಬೇಕು. ಚಿಗುರು ಬಂದ ಮೇಲೆ ಹದಿನೈದು ದಿನಕ್ಕೊಮ್ಮೆ ಕಡಲೆಕಾಯಿ ಹಿಂಡಿ ನೀರು ಕೊಡಿ. ಒಂದು ಹಿಡಿ ಹಿಂಡಿಯನ್ನು ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿದರಾಯಿತು. ವಾಸನೆ ಮಾತ್ರ ಘೋರ, ನೆಂಟರು ಬರುವ ದಿನ ಬೇಡ.

ಬೇಸಿಗೆಯಲ್ಲಿ ಒಂದು ಸುತ್ತು ಹೂ ಮುಗಿದ ಕೂಡಲೇ ಹೂ ಬಿಟ್ಟ ತುದಿಗಳನ್ನು ಎರಡು ಜೋಡಿ ಎಲೆ ಸಮೇತ ಚಿವುಟಿ. ಪಕ್ಕದಲ್ಲಿ ಹೊಸ ಚಿಗುರು ಒಡೆದು ಮುಂದಿನ ಸುತ್ತು ಬರುತ್ತದೆ.

ಪಕ್ಕದ ಕುಂಡಗಳಿಗೂ ಇದೇ ಮದ್ದು

ದೊಡ್ಡಪತ್ರೆಯ ಒಂದು ಕಡ್ಡಿ ಮುರಿದು ಚುಚ್ಚಿದರೆ ಬೇರು ಬಿಡುತ್ತದೆ. ತುದಿ ಚಿವುಟುತ್ತಿದ್ದರೆ ಕುಂಡ ತುಂಬುತ್ತದೆ, ಚಿವುಟಿದ್ದು ತಂಬುಳಿಗಾಯಿತು. ನೀರು ಹೆಚ್ಚಾದರೆ ಮಾತ್ರ ಕಾಂಡ ಕೊಳೆಯುತ್ತದೆ. ತುಳಸಿಯ ಕದಿರನ್ನು ಬೀಜವಾಗುವ ಮೊದಲೇ ತೆಗೆಯುತ್ತಿದ್ದರೆ ಗಿಡ ಹೆಚ್ಚು ಕಾಲ ಹಸಿರಾಗಿರುತ್ತದೆ. ಮಾರುಕಟ್ಟೆಯಿಂದ ತಂದ ಪುದೀನದ ದಪ್ಪ ಕಡ್ಡಿಗಳನ್ನು ಎಸೆಯಬೇಡಿ. ಲೋಟದ ನೀರಿನಲ್ಲಿಟ್ಟರೆ ಒಂದೆರಡು ವಾರದಲ್ಲಿ ಬೇರು. ಒಂದೆಲಗಕ್ಕೆ ಸದಾ ತೇವ ಬೇಕು, ಹಾಗಾಗಿ ನಮ್ಮಲ್ಲಿ ಅದು ನಲ್ಲಿಯ ಕೆಳಗಿದೆ.

ಎಲೆಯ ಅಂದಕ್ಕೆಂದು ಕ್ರೋಟನ್ ತಂದವರು ಅದನ್ನು ಹಾಲ್‌ನೊಳಗೆ ಇಟ್ಟು ಬಣ್ಣ ಹೋಯಿತು ಅನ್ನುತ್ತಾರೆ. ಅದಕ್ಕೆ ಬಿಸಿಲು ಬೇಕು, ಬಣ್ಣ ಬರುವುದೇ ಬಿಸಿಲಿಂದ. ಒಳಗಿಡಲು ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್ ಸಾಕು. ಮನೆಯಲ್ಲಿ ತೆವಳುವ ಮಗು ಇದ್ದರೆ ಡೈಫೆನ್‌ಬಾಕಿಯಾ ಎಂಬ ಅಗಲ ಎಲೆಯ ಅಂದದ ಗಿಡ ಬೇಡವೇ ಬೇಡ. ಎಲೆ ಜಗಿದರೆ ಬಾಯಿ, ನಾಲಿಗೆ ಊದಿಕೊಳ್ಳುತ್ತದೆ. ಮನಿ ಪ್ಲಾಂಟನ್ನೂ ಕೈಗೆಟುಕದ ಹಾಗೆ ಮೇಲೆ ನೇತುಹಾಕಿ.

ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ ಹಿಟ್ಟು ತಿಗಣೆ ಎಂಬ ಕೀಟ ಅಂಟಿದರೆ ಮೊದಲು ಜೋರು ನೀರು ಹೊಡೆದು ತೊಳೆಯಿರಿ. ಆಮೇಲೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಟ್ಟಂತಾಗುತ್ತದೆ.

ಇನ್ನು ಮೊಗ್ಗು ಕೊಯ್ಯುವ ವಿಚಾರ. ಬೆಳ್ಳಗಾಗಿ ಉಬ್ಬಿದ, ಆದರೆ ಬಾಯಿ ಬಿಡದ ಮೊಗ್ಗನ್ನು ಬೆಳಗ್ಗೆಯೇ ಬಿಡಿಸಿ. ಹಸಿರು ಮೊಗ್ಗು ಮುಟ್ಟಬೇಡಿ, ಕಿತ್ತರೆ ಅದು ಅರಳುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮಧ್ಯಾಹ್ನ ಕಟ್ಟಿ. ಬಾಳೆನಾರು ಸಿಕ್ಕಿದರೆ ಅದರಲ್ಲೇ ಕಟ್ಟಿ, ದಾರಕ್ಕಿಂತ ಹೂ ಬಾಡುವುದು ನಿಧಾನ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವು ಅರಳಲು ಶುರು ಮಾಡುತ್ತವೆ.